ಹತ್ತು ದಿನ ಕಟ್ಟಿಹಾಕಿದ ನಾಯಿ

ಕಾಲುವೆ ಕೆಲಸಕ್ಕೆ ಬಂದ ಇಂಜಿನಿಯರ್ ಸಾಹೇಬರು ತಿರ್ಲಾಪುರದ ನಮ್ಮ ಮನೆಯ ಮುಂದಿನ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದರು. ವರ್ಗವಾಗಿ ಹೋಗುವಾಗ ತಮ್ಮ ಪುಟ್ಟ ಸ್ಪ್ಯಾನಿಯಲ್ ನಾಯಿಯನ್ನು ನಮಗೇ ಬಿಟ್ಟು ಹೋದರು. ಎಂಬತ್ತರ ದಶಕದ ಮೊದಮೊದಲ ವರ್ಷಗಳು. ನಾನು ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಮೊಣಕಾಲಿನಷ್ಟೂ ಎತ್ತರವಿಲ್ಲದ, ಕಂದು ಬಿಳಿ ಬಣ್ಣದ, ಕಿವಿ ಗದ್ದದ ಕೆಳಗೆ ಜೋತುಬಿದ್ದ ಪ್ರಾಣಿ. "ಇದೇನ ನಾಯಿನೋ, ಮ್ಯಾಕಿ ಮರಿನೋ?" ಎಂದು ಬಾಜೂ ಮನೆಯವರು ನಕ್ಕರು. ನಗಲಿ ಬಿಡಿ, ಕಳ್ಳ ಬಂದರೆ ಅವನ ಕಾಲನ್ನೂ ನೆಕ್ಕುವ ಜಾತಿ ಅದು.

ಅದಕ್ಕೆ ಬೇಕಿದ್ದುದು ಒಂದೇ, ಯಾರದಾದರೂ ಮೈಗೆ ಆತು ಕೂರುವುದು. ಆ ಯಾರೋ ನಾನಾದೆ. ಎಲ್ಲರ ಊಟ ಮುಗಿದ ಮೇಲೆ ನಾನೊಬ್ಬಳೇ ರೊಟ್ಟಿ ಮುರಿಯುತ್ತ ಕೂತರೆ ನನ್ನ ತೊಡೆಗೆ ಒತ್ತಿಕೊಂಡು ಮಲಗುತ್ತಿತ್ತು. "ಲಿಂಗಪೂಜಿ ಮಾಡೂ ಮನ್ಯಾಗ ನಾಯಿ ಒಳಗ ಬಿಟ್ಕೋತೀಯಲ್ಲಬೇ" ಎಂದು ಅತ್ತೆ ಗೊಣಗುತ್ತಿದ್ದರು. ಅದರ ಬಟ್ಟಲಿಗೆ ಹಾಲಿನ ಕೆನೆ ಹಾಕುತ್ತಿದ್ದವರೂ ಅವರೇ. ಮಳೆಗಾಲದಲ್ಲಿ ಎರೆಮಣ್ಣು ಕಿವಿಯ ಕೂದಲಿಗೆ ಮೆತ್ತಿ ಹೆಂಟೆಯಾದರೆ ನಾನು ಬಿಸಿನೀರಲ್ಲಿ ನೆನೆಸಿ, ನನ್ನದೇ ಹಣಿಗೆಯಿಂದ ಬಿಡಿಸುತ್ತಿದ್ದೆ. ಆ ಮನೆಯಲ್ಲಿ ನನ್ನ ದಾರಿ ಕಾಯುತ್ತಿದ್ದ ಜೀವ ಆಗ ಅದೊಂದೇ.

ಮರುವರ್ಷ ಗೋದಿ ರಾಶಿಯ ಕಾಲಕ್ಕೆ ಅದು ಕಣದಲ್ಲಿ ಹೊಟ್ಟಿನ ಮೇಲೆಲ್ಲ ಹೊರಳಾಡಿ ಬಂತು. ಮಾರನೆಯ ದಿನದಿಂದ ತಲೆ ಓರೆ ಮಾಡಿ ಕಿವಿ ಕೆರೆಯತೊಡಗಿತು. ಕೂಸುಗಳಿಗೆ ಮಾಡುವ ಮದ್ದನ್ನೇ ಅತ್ತೆ ಮಾಡಿದರು: ಕುಸುಬಿ ಎಣ್ಣೆಯಲ್ಲಿ ಬಳ್ಳೊಳ್ಳಿ ಕಾಸಿ, ಉಗುರುಬೆಚ್ಚಗೆ ಕಿವಿಗೆ ಬಿಡುವುದು. ನಾನು ಹಿಡಿದುಕೊಂಡೆ. ಒಳಗೆ ಗೋದಿಯ ಊಬು, ತೆನೆಯ ತುದಿಯ ಆ ಗರಗಸದಂಥ ಕೂದಲು, ಹೊಕ್ಕಿದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಎಣ್ಣೆಗೆ ಜಾರಿ ಅದು ಇನ್ನೂ ಆಳಕ್ಕಿಳಿಯಿತು. ಮೂರನೆಯ ದಿನ ಅತ್ತೆ ಮತ್ತೆ ಕಿವಿ ಮುಟ್ಟುತ್ತಲೇ ನಾಯಿ ಅವರ ಹೆಬ್ಬೆರಳು ಕಚ್ಚಿತು. ರಕ್ತ ಬಂತು.

ನವಲಗುಂದದ ದವಾಖಾನೆಯಲ್ಲಿ ಡಾಕ್ಟರು ಗಾಯ ತೊಳೆದು ಹೇಳಿದರು: "ನಾಯಿ ಕೊಲ್ಲಬ್ಯಾಡ್ರಿ. ಕಟ್ಟಿಹಾಕಿ ಹತ್ತ ದಿನ ನೋಡ್ರಿ. ಬದುಕಿದ್ರ ಹುಚ್ಚಲ್ಲ. ಸತ್ರ ಹೊಟ್ಟಿಗೆ ಹದಿನಾಲ್ಕು ಇಂಜೆಕ್ಷನ್." ಅತ್ತೆಗೆ ಸೂಜಿ ಕಂಡರೆ ಜೀವವೇ ಹೋಗುತ್ತಿತ್ತು. ಮನೆಗೆ ಬಂದವರೇ ಹಾಸಿಗೆ ಹಿಡಿದರು.

ನಾಯಿಯನ್ನು ದನದ ಕೊಟ್ಟಿಗೆಯ ಮೂಲೆಗೆ ಕಟ್ಟಿದರು. ನನ್ನ ಬಗಲಲ್ಲಿ ಎಂಟು ತಿಂಗಳ ಕೂಸು. "ನೀ ಹತ್ರ ಹೋಗಬ್ಯಾಡ, ಮುಟ್ಟಬ್ಯಾಡ" ಎಂದರು ಗಂಡ. ಹೆದರಿದವರ ಮೇಲೆ ಕಪ್ಪೆ ಎಸೆದಂತೆ, ನೋಡಲು ಬಂದವರೆಲ್ಲ ಹುಚ್ಚುನಾಯಿ ಕಚ್ಚಿ ಸತ್ತವರ ಕಥೆ ಹೇಳಿಯೇ ಎದ್ದರು. ನಾನು ಬಟ್ಟಲನ್ನು ಎತ್ತು ಹೊಡೆಯುವ ಬಾರುಕೋಲಿನಿಂದ ಮುಂದಕ್ಕೆ ತಳ್ಳುತ್ತಿದ್ದೆ. ಮೊದಲೆರಡು ದಿನ ಅದು ನನ್ನ ಕಂಡು ಬಾಲ ಅಲ್ಲಾಡಿಸಿತು. ಆಮೇಲೆ ನೀರು ಕುಡಿಯುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿತು. ದವಡೆ ತೆರೆದರೆ ಕಿವಿಗೆ ನೋವು, ಅಷ್ಟೇ. ಜನ ಮಾತ್ರ "ನೀರಿಗೆ ಅಂಜತೈತಿ, ನೋಡ್ರಿ" ಎಂದರು. ಕಿವಿಯಿಂದ ಕೀವು ಇಳಿದು ನೊಣ ಮುತ್ತುತ್ತಿದ್ದವು. ಕಿವಿಯದೇ ಬಾಧೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಬಿಡಲಿಲ್ಲ. "ನೀರ ಕುಡೀತೇನಬೇ?" ಎಂದು ಅತ್ತೆ ಕೇಳಿದಾಗಲೆಲ್ಲ "ಕುಡೀತ್ರಿ" ಎಂದು ಸುಳ್ಳು ಹೇಳುತ್ತಿದ್ದೆ.

ಆರನೆಯ ದಿನ ಮಧ್ಯಾಹ್ನ ನಾಯಿ ಹಗ್ಗ ಬಿಗಿಯಾಗುವವರೆಗೂ ತೆವಳಿಕೊಂಡು ಬಂದು ನನ್ನ ಪಾದದ ಮೇಲೆ ಮೂತಿ ಇಟ್ಟಿತು. ನಾನು ಕಿರುಚಿ ಬಾರುಕೋಲಿನಿಂದ ಹೊಡೆದೆ. ಎರಡು ಸಲ. ಎರಡನೆಯದಕ್ಕೆ ಯಾವ ಕಾರಣವೂ ಇರಲಿಲ್ಲ. ಅದು ಆಗಲೇ ಹಿಂದೆ ಸರಿದಿತ್ತು.

ಹತ್ತನೆಯ ದಿನ ಕಳೆದರೂ ನಾಯಿಗೆ ಉಸಿರಿತ್ತು. ಮನೆಯವರು ಕಾಯಿ ಒಡೆದರು. ಅತ್ತೆ ಎದ್ದು ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಹೊಟ್ಟೆ ತುಂಬ ಉಂಡರು. ಮಾರನೆಯ ದಿನ ಬಂದ ದನದ ಡಾಕ್ಟರು ಚಿಮಟದಿಂದ ಊಬನ್ನು ಹೊರಗೆಳೆದು ನಮ್ಮನ್ನೆಲ್ಲ ದಿಟ್ಟಿಸಿ ನೋಡಿದರು. "ಇಷ್ಟ ದಿನಾ ಏನ ನೋಡ್ಕೋತ ಕುಂತಿದ್ರಿ?" ಎಂದರು. ಸಾಯುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆವು.

ನಾಯಿ ಉಳಿಯಿತು. ಒಂದು ಕಿವಿ ಕೇಳದು, ತಲೆ ಯಾವಾಗಲೂ ಓರೆ. ಆದರೆ ಅದು ಹೋಗಿ ಕೂತದ್ದು ಅತ್ತೆಯ ಮಗ್ಗುಲಿಗೆ, ತಾನು ಕಚ್ಚಿದವರ ಮಗ್ಗುಲಿಗೆ. ಅವರೂ ಪೂಜೆಯ ಮಾತೆತ್ತದೆ ಸೆರಗು ಹಾಸಿ ಮಲಗಿಸಿಕೊಂಡರು. ನಾನು ಬಡಿಸಲು ಬಾಗಿದರೆ ಎದ್ದು ಅವರ ಆಚೆ ಬದಿಗೆ ಹೋಗುತ್ತಿತ್ತು. ಕೆನೆ ಕೊಟ್ಟೆ, ಮುದ್ದು ಮಾತಾಡಿದೆ. ನಾನು ಬಟ್ಟಲಿಟ್ಟು ದೂರ ಹೋದ ಮೇಲೆಯೇ ಬಂದು ತಿನ್ನುತ್ತಿತ್ತು. "ನಾಯಿಗೆಲ್ಲ ಅಷ್ಟ ನೆನಪ ಇರೂದಿಲ್ಲಬೇ" ಎಂದು ಅತ್ತೆ ಸಮಾಧಾನ ಹೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ಹೊಡೆದದ್ದನ್ನು ನಾನು ಅವರಿಗೆ ಹೇಳಿರಲೇ ಇಲ್ಲ.

ಹೀಗೇ ಮೂರು ವರ್ಷ ಬದುಕಿ, ಒಂದು ದಿನ ಉಂಡು ಮಲಗಿದ ಹೊತ್ತಿಗೆ ಅತ್ತೆಯ ಮಗ್ಗುಲಲ್ಲೇ ಸತ್ತಿತು. ಅವರಿಗೆ ಅಳು ತಡೆಯಲಾಗಲಿಲ್ಲ. "ನೀನ ಎತ್ತಬೇ, ನನಗಾಗೂದಿಲ್ಲ" ಎಂದರು. ಕೈ ಹಾಕಿ ಎತ್ತಿಕೊಂಡೆ. ಮೈ ಇನ್ನೂ ಬೆಚ್ಚಗಿತ್ತು. ಈ ಸಲ ಅದು ನನ್ನ ಕೈಯಿಂದ ಸರಿದುಕೊಳ್ಳಲಿಲ್ಲ.