ದೀಪ ಹಚ್ಚಿದ ಮೇಲೆ ಕೊಡದ ಎಣ್ಣೆ

ನಾನು ಚಿಕ್ಕವನಿದ್ದಾಗ ಎಲ್ಲವೂ ಚೆಂದವಿತ್ತು ಎಂದು ಅಜ್ಜಂದಿರು ಹೇಳುತ್ತಾರಲ್ಲ, ನಾನು ಹೇಳುವುದಿಲ್ಲ. ಕತ್ತಲಾಯಿತೆಂದರೆ ಬಳಗಾನೂರಿನ ಹತ್ತಿರದ ನಮ್ಮ ಹೊಲದ ಮನೆ ಸೀಮೆಎಣ್ಣೆಯ ಹೊಗೆಯಿಂದ ತುಂಬುತ್ತಿತ್ತು. ಔಷಧಿ ಬಾಟಲಿಯ ಮುಚ್ಚಳಕ್ಕೆ ತೂತು ಹೊಡೆದು, ಹಳೆ ಬಟ್ಟೆಯ ಬತ್ತಿ ಇಳಿಬಿಟ್ಟರೆ ಅದೇ ನಮ್ಮ ಚಿಮಣಿ ದೀಪ. ಬೆಳಿಗ್ಗೆ ಮೂಗು ಸೀನಿದರೆ ಕರಿ ಬರುತ್ತಿತ್ತು. ಛೀ ಅನ್ನಬೇಡಿ ಮಕ್ಕಳೇ, ಇದ್ದದ್ದನ್ನೇ ಹೇಳುತ್ತಿದ್ದೇನೆ.

ಆ ಚಿಮಣಿಯ ಮುಂದೆ ಬೋರಲಾಗಿ ಮಲಗಿ ಅಕ್ಕ ಓದುತ್ತಿದ್ದಳು. ಹಗಲೆಲ್ಲ ಅವ್ವನ ಜೊತೆ ಭತ್ತದ ಗದ್ದೆಯಲ್ಲಿ ಕಳೆ ಕೀಳಬೇಕು, ಕೆಲಸವಿಲ್ಲದ ದಿನ ಶಾಲೆ. ಹಾಗಾಗಿ ಓದೇನಿದ್ದರೂ ಸಂಜೆಯ ಮೇಲೆಯೇ. ಎಷ್ಟೋ ಸಲ ದೀಪಕ್ಕೆ ತೀರ ಹತ್ತಿರ ಬಾಗಿ ಮುಂಗೂದಲು ಚುರ್ ಎಂದು ಸುಟ್ಟುಕೊಂಡಿದ್ದಳು. ಏಳನೆಯ ತರಗತಿ ಪಾಸಾದರೆ ಸಿಂಧನೂರಿನ ಹಾಸ್ಟೆಲಿಗೆ ಸೇರಿಸಿ ಮುಂದೆ ಓದಿಸೋಣ ಎಂದು ಅವಳ ಮಾಸ್ತರರು ಅಪ್ಪನನ್ನು ಒಪ್ಪಿಸಿದ್ದರು. ಫೇಲಾದರೆ ಶಾಲೆ ಬಂದ್ ಎಂದು ಅಪ್ಪನೂ ಮೊದಲೇ ಹೇಳಿಬಿಟ್ಟಿದ್ದ.

ಗಣಿತ ಪರೀಕ್ಷೆಯ ಹಿಂದಿನ ದಿನ ಅಕ್ಕ ಗದ್ದೆಯಿಂದ ಬಂದು ಕಾಲಿನ ಕೆಸರು ತೊಳೆದುಕೊಂಡು ಚಿಮಣಿ ಅಲುಗಾಡಿಸಿ ನೋಡಿದಳು. ಒಂದು ಹನಿ ಎಣ್ಣೆಯಿರಲಿಲ್ಲ. ಆ ತಿಂಗಳ ರೇಷನ್ ಇನ್ನೂ ಬಂದಿರಲಿಲ್ಲ. ಕ್ಷೇತ್ರಫಲದ ಲೆಕ್ಕಗಳು ಪೂರ್ತಿ ಬಾಕಿಯಿದ್ದವು. ನನ್ನ ಕೈಗೆ ಬಾಟಲಿ ಕೊಟ್ಟು, ಕಾಲುವೆಯಾಚೆಯ ಹೊಲದ ಮನೆಯ ಆಯಿಯ ಹತ್ತಿರ ಓಡು ಎಂದಳು. ಹಣೆತುಂಬ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಆ ಮುದುಕಿಗೆ ಅಕ್ಕನೆಂದರೆ ಜೀವ. ಪಾಟಿ, ಬಳಪ ಕೊಡಿಸಿದವಳೂ ಅವಳೇ.

"ದೀಪ ಹಚ್ಚೂದ್ರೊಳಗ ಹೋಗಿ ಬಾ ತಮ್ಮಾ. ಹಚ್ಚಿದ ಮ್ಯಾಲ ಆಯಿ ಎಣ್ಣಿ ಕೊಡಂಗಿಲ್ಲ," ಎಂದು ಅಕ್ಕ ಎರಡೆರಡು ಸಲ ಹೇಳಿದಳು.

ನಮ್ಮ ಕಡೆಯ ರೂಢಿ ಅದು. ಸಂಜೆ ದೀಪ ಹಚ್ಚಿ ಕೈಮುಗಿದ ಮೇಲೆ ಎಣ್ಣೆ, ಉಪ್ಪು, ಮಜ್ಜಿಗೆ ಯಾವುದನ್ನೂ ಹೊರಗೆ ಕೊಡುತ್ತಿರಲಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ ಅದರ ಹಿಂದೆಯೇ ಹೊರಟುಹೋಗುತ್ತಾಳೆಂದು ನಂಬಿಕೆ. ಸೀಮೆಎಣ್ಣೆಯೂ ಎಣ್ಣೆಯೇ. ಇದು ನನಗೆ ಗೊತ್ತಿರಲಿಲ್ಲವೆಂದು ಹೇಳುವ ಹಾಗಿಲ್ಲ, ಚೆನ್ನಾಗಿಯೇ ಗೊತ್ತಿತ್ತು.

ಆದರೆ ಅವತ್ತು ಉಪಕಾಲುವೆಯ ನೀರು ಬಂದ್ ಮಾಡಿದ್ದರು. ತೂಬಿನ ಕೆಳಗಿನ ಗುಂಡಿಯಲ್ಲಿ ಮೀನುಗಳು ಸಿಕ್ಕಿಬಿದ್ದು ಪಟಪಟ ಹಾರುತ್ತಿದ್ದವು. ಸುತ್ತಲಿನ ಹೊಲದ ಮನೆಗಳ ಹುಡುಗರೆಲ್ಲ ಟವೆಲ್ ಹಿಡಿದು ನೀರಿಗಿಳಿದಿದ್ದರು. ನಮ್ಮ ಮನೆಯಲ್ಲಿ ಮೀನು ತಿನ್ನುವವರೇ ಇಲ್ಲ. ಆದರೂ ನಾನು ಬಾಟಲಿಯನ್ನು ದಂಡೆಯ ಮೇಲಿಟ್ಟು ಇಳಿದೆ. ತಣ್ಣನೆಯ ಕೆಸರು, ಬೆರಳ ಸಂದಿಯಲ್ಲಿ ಜಾರುವ ಮೀನು, ಹಿಡಿ ಹಿಡಿ ಎಂಬ ಕೂಗು. ಒಂದು ಹಿಡಿದೆ, ಬಿಟ್ಟೆ. ಮತ್ತೊಂದು ಹಿಡಿದೆ, ಬಿಟ್ಟೆ. ತಲೆಯೆತ್ತಿ ನೋಡಿದಾಗ ಬಿಸಿಲು ಎಲ್ಲೂ ಇರಲಿಲ್ಲ.

ಆಯಿಯ ಮನೆಯ ಗೂಡಿನಲ್ಲಿ ದೀಪ ಉರಿಯುತ್ತಿತ್ತು. ನನ್ನ ಕೈಯ ಬಾಟಲಿ ನೋಡಿ ಆಯಿ ಹಣೆ ಚಚ್ಚಿಕೊಂಡಳು. "ಈಗರ ಹಚ್ಚೀನಲ್ಲಪ್ಪಾ. ಈ ಹೊತ್ತಿನ್ಯಾಗ ಹ್ಯಾಂಗ ಕೊಡ್ಲಿ? ನಸಿಕಿನ್ಯಾಗ ಬಾ, ಬಾಟ್ಲಿ ತುಂಬ ಕೊಡ್ತೀನಿ. ಅಕ್ಕಗ ಹೇಳು," ಎಂದಳು.

ಹಾಗೆಯೇ ಹೋಗಿ ಹೇಳಿದ್ದರೆ ಸಾಕಿತ್ತು. ಅಕ್ಕ ನಸುಕಿಗೇ ಎದ್ದು ಎಣ್ಣೆ ತಂದು, ಪರೀಕ್ಷೆಗೆ ಹೋಗುವ ತನಕ ಓದಿಕೊಳ್ಳುತ್ತಿದ್ದಳು. ಆದರೆ ಅಷ್ಟು ಹೇಳಿದರೆ ದೀಪ ಹಚ್ಚಿದ ಮೇಲೆ ಹೋದದ್ದು ಗೊತ್ತಾಗುತ್ತದೆ, ಅಪ್ಪನ ಬಾರುಕೋಲು ಗೋಡೆಯಿಂದ ಇಳಿಯುತ್ತದೆ. ಮನೆಗೆ ಬಂದವನೇ ಖಾಲಿ ಬಾಟಲಿ ಮುಂದಿಟ್ಟು, ಎಣ್ಣೆಯಿದ್ದರೂ ಆಯಿ ಕೊಡಲಿಲ್ಲ, ಇಲ್ಲ ಹೋಗು ಎಂದಳು ಎಂದೆ. ತಡವೇಕೆ ಎಂದಿದ್ದಕ್ಕೆ, ಅಷ್ಟು ಹೊತ್ತು ಬಾಗಿಲಲ್ಲೇ ನಿಲ್ಲಿಸಿದ್ದಳೆಂದು ಇನ್ನೊಂದು ಸೇರಿಸಿದೆ.

ಅಕ್ಕ ಖಾಲಿ ಬಾಟಲಿಯನ್ನು ಮೂಲೆಗಿಟ್ಟಳು. ಪುಸ್ತಕ ಹಿಡಿದು ಒಲೆಯ ಮುಂದೆ ಕುಳಿತಳು. ಅವ್ವ ರೊಟ್ಟಿ ಬಡಿದು ಮುಗಿಸುವ ತನಕ ಬೆಂಕಿಯ ಬೆಳಕಿತ್ತು. ಆಮೇಲೆ ಕೆಂಡ ಊದಿ ಊದಿ ಎರಡು ಲೆಕ್ಕ ಮಾಡಿದಳು. ಕಣ್ಣಿಗೆ ಬೂದಿ ಹಾರಿ, ಒರೆಸಿಕೊಳ್ಳುತ್ತ ಪುಸ್ತಕ ಮುಚ್ಚಿಬಿಟ್ಟಳು. ನಾನು ಪಕ್ಕದಲ್ಲೇ ಕುಳಿತು ಬಿಸಿ ರೊಟ್ಟಿ ತಿನ್ನುತ್ತಿದ್ದೆ.

ಗಣಿತದಲ್ಲಿ ಅಕ್ಕ ಫೇಲಾದಳು. ಮಾಸ್ತರರು ಮನೆತನಕ ಬಂದು ಇನ್ನೊಂದು ವರ್ಷ ಕಳಿಸಿ ಎಂದು ಬೇಡಿಕೊಂಡರೂ ಅಪ್ಪ ಕೇಳಲಿಲ್ಲ. ಎರಡು ವರ್ಷಕ್ಕೆ ಅವಳ ಮದುವೆಯಾಯಿತು. ಆಯಿ ಹಸಿರು ಖಣ ಹಿಡಿದುಕೊಂಡು ಹಂದರದ ತನಕ ಬಂದಿದ್ದಳು. ಅಕ್ಕ ಅದನ್ನು ಮುಟ್ಟಲಿಲ್ಲ, ಮುಖ ತಿರುಗಿಸಿ ಒಳಗೆ ಹೋದಳು. ತಾನೇನು ತಪ್ಪು ಮಾಡಿದೆ ಎಂದು ಆಯಿ ಅವ್ವನನ್ನು ಕೇಳುತ್ತಿದ್ದುದು ನನಗೆ ಕೇಳಿಸಿತು. ಆಗಲೂ ನಾನು ಬಾಯಿ ಬಿಡಲಿಲ್ಲ. ಥೂ, ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಈಗ ನಿಮ್ಮ ಕಾಲ. ನಮ್ಮ ಹೊಲದ ಮನೆಗೆ ಕರೆಂಟಿನ ಕಂಬ ಇವತ್ತಿಗೂ ಬಂದಿಲ್ಲ. ಹೋದ ತಿಂಗಳು ಸಿಂಧನೂರಿನಿಂದ ಆಟೋದಲ್ಲಿ ಬಂದ ಇಬ್ಬರು ತಗಡಿನ ಮೇಲೆ ಸೋಲಾರ್ ಪ್ಲೇಟ್ ಕೂರಿಸಿ, ಒಳಗೆ ಬ್ಯಾಟರಿಯಿಟ್ಟು ಎರಡು ಬಲ್ಬು ಹಾಕಿಹೋದರು. ಅರ್ಧ ದಿನದ ಕೆಲಸ, ಅಷ್ಟೇ. ಹೊಗೆಯಿಲ್ಲ, ವಾಸನೆಯಿಲ್ಲ, ಯಾರ ಮನೆಗೂ ಬಾಟಲಿ ಹಿಡಿದು ಓಡಬೇಕಿಲ್ಲ. ನೀವು ಗುಂಡಿ ಒತ್ತುತ್ತೀರಿ, ಆ ಬೆಳಕಿನಲ್ಲಿ ಮೊಬೈಲಿಗೆ ಜೋತುಬೀಳುತ್ತೀರಿ. ನನಗೆ ಸಿಟ್ಟು ಬರುತ್ತದೆ. ಬಯ್ಯಲು ಬಾಯಿ ತೆರೆಯುತ್ತೇನೆ, ನನಗೇನು ಹಕ್ಕಿದೆ ಎಂದು ಸುಮ್ಮನಾಗುತ್ತೇನೆ.

ಆ ಲೈಟ್ ನೋಡಲೆಂದೇ ಅಕ್ಕ ಮಸ್ಕಿಯಿಂದ ಬಸ್ಸಿನಲ್ಲಿ ಬಂದಿದ್ದಳು. ನಿಮ್ಮಲ್ಲಿ ದೊಡ್ಡವಳು ಅದರ ಕೆಳಗೆ ಕುಳಿತು ಗಣಿತದ ಹೋಮ್‌ವರ್ಕ್ ಮಾಡುತ್ತಿದ್ದಳು. ಅವಳ ನೋಟ್‌ಬುಕ್ಕನ್ನೇ ಅಕ್ಕ ಬಹಳ ಹೊತ್ತು ನೋಡಿದಳು. ನಂತರ ನನ್ನ ಕಡೆ ತಿರುಗಿ, ಆಯಿ ಅವತ್ತು ಒಂದು ಬಾಟಲಿ ಎಣ್ಣೆ ಕೊಟ್ಟಿದ್ದರೆ ಎಂದು ಶುರು ಮಾಡಿದಳು. ನನಗೆ ತಡೆಯಲಾಗಲಿಲ್ಲ. ಮೀನು ಹಿಡಿದದ್ದು, ಆಯಿ ಹೇಳಿ ಕಳಿಸಿದ್ದು, ನಾನು ಬಚ್ಚಿಟ್ಟದ್ದು, ಎಲ್ಲ ಹೇಳಿಬಿಟ್ಟೆ.

ಅಕ್ಕ ಬಯ್ಯಲಿಲ್ಲ. ಶಾಲೆಯ ಮಾತನ್ನೂ ಎತ್ತಲಿಲ್ಲ.

"ಆಯಿ ಸತ್ತಾಗ ಮಾರಿ ನೋಡಾಕ ಸೈತ ಹೋಗ್ಲಿಲ್ಲಲೋ ನಾನು," ಎಂದಳು.

ಚಿಮಣಿಯ ಕಾಲದಲ್ಲಿ ಎದುರಿಗೆ ಕುಳಿತವರ ಮುಖ ಅರ್ಧ ಕತ್ತಲಲ್ಲೇ ಇರುತ್ತಿತ್ತು. ಈ ಹೊಸ ಬೆಳಕಿನಲ್ಲಿ ಅಕ್ಕನ ಮುಖ ನನಗೆ ಪೂರ್ತಿ ಕಾಣುತ್ತಿತ್ತು.