ಬಿಳಿ ಪಟ್ಟಿಯ ಕೊನೆಯ ಆರು ಹೆಜ್ಜೆ

ಟೈಲ್ಸ್ ಕೂರಿಸುವವರಲ್ಲಿ ಒಂದು ಪದ್ಧತಿಯಿದೆ. ಕೂರಿಸಿದ್ದು ಒಣಗಿದ ಮೇಲೆ ಕರಣೆಯ ಮರದ ಹಿಡಿಯಿಂದ ಕುಟ್ಟಿ ನೋಡಬೇಕು. ಅಡಿಯಲ್ಲಿ ಸಿಮೆಂಟು ತುಂಬಿದ್ದರೆ ಗಟ್ಟಿ ಸದ್ದು, ಗಾಳಿ ಉಳಿದಿದ್ದರೆ ಟೊಳ್ಳು ಸದ್ದು. ಉಳಿದ ಮೇಸ್ತ್ರಿಗಳು ಮೂಲೆಗೊಂದು ನಡುವಿಗೊಂದು ಕುಟ್ಟಿ, ಕೈ ಒರೆಸಿಕೊಂಡು ಎದ್ದು ಹೋಗುತ್ತಾರೆ. ನಮ್ಮ ಮೇಸ್ತ್ರಿ ಹಾಗಲ್ಲ. ಹೊಟ್ಟೆಯ ಮೇಲೆ ಮಲಗಿ, ಕಿವಿಯನ್ನು ನೆಲಕ್ಕೆ ಹಚ್ಚಿ, ಒಂದೊಂದನ್ನೂ ಹತ್ತು ಸಲ ಕುಟ್ಟುತ್ತಿದ್ದ. ಮನೆ ಕಟ್ಟಿಸುವವರಿಗೆ ಖುಷಿಯೋ ಖುಷಿ. ಇಂಥ ನಿಯತ್ತಿನ ಕೆಲಸಗಾರ ದೀಪ ಹಾಕಿ ಹುಡುಕಿದರೂ ಸಿಗಲ್ಲ ಎಂದು ಹೊಗಳುತ್ತಿದ್ದರು. ನಿಯತ್ತೂ ಇಲ್ಲ, ಮಣ್ಣೂ ಇಲ್ಲ. ಅವನಿಗೆ ಭಯ.

ಮೇಸ್ತ್ರಿಯಾಗುವ ಮೊದಲು ಅವನು ಒಂಬತ್ತು ವರ್ಷ ಸೈನ್ಯದಲ್ಲಿದ್ದ. ಯುದ್ಧದಲ್ಲಿ ಎಲ್ಲರಿಗಿಂತ ಮುಂದೆ ತೆವಳಿ ಹೋಗಿ, ನೆಲದಲ್ಲಿ ಹೂತಿಟ್ಟ ಬಾಂಬುಗಳನ್ನು ಹುಡುಕುವುದು ಅವನ ಕೆಲಸ. ಮೊಳದುದ್ದದ ಕಬ್ಬಿಣದ ಕಡ್ಡಿಯಿಂದ ಮಣ್ಣನ್ನು ಗೇಣುಗೇಣಿಗೂ ಚುಚ್ಚಿ ನೋಡುತ್ತ, ಅಪಾಯವಿಲ್ಲದ ಜಾಗದಲ್ಲಿ ಬಿಳಿ ಪಟ್ಟಿ ಹಾಸುತ್ತ ಹೋಗಬೇಕು. ಹಿಂದೆ ಬರುವವರು ಆ ಪಟ್ಟಿಯ ಮೇಲೆ ಮಾತ್ರ ಕಾಲಿಡುತ್ತಾರೆ, ಕಣ್ಣು ಮುಚ್ಚಿ ನಂಬಿ.

ಯುದ್ಧ ಮುಗಿದು ಹದಿನಾರು ವರ್ಷವಾಗಿದ್ದರೂ ಹುಲ್ಲು ಬೆಳೆದ ಜಾಗ ಕಂಡರೆ ಅವನ ನಾಲಿಗೆ ಒಣಗುತ್ತಿತ್ತು. ಮೈದಾನ ಹಾಯ್ದು ಹೋದರೆ ಬಸ್ ನಿಲ್ದಾಣಕ್ಕೆ ಐದು ನಿಮಿಷ. ಅವನು ಡಾಂಬರು ರಸ್ತೆ ಹಿಡಿದು ಇಪ್ಪತ್ತು ನಿಮಿಷ ಸುತ್ತುತ್ತಿದ್ದ. ಒಮ್ಮೆ ಸ್ವಂತ ಮನೆಯ ಅಡುಗೆಮನೆ ಬಾಗಿಲಲ್ಲಿ ಒಂದು ಟೈಲ್ಸ್ ಟೊಳ್ಳು ಸದ್ದು ಮಾಡಿತು. ಅದನ್ನು ಕಿತ್ತು, ಅಡಿಯ ಮಣ್ಣನ್ನು ಮೊಣಕೈ ಮುಳುಗುವಷ್ಟು ಅಗೆದು ನೋಡಿದ. ಹೆಂಡತಿ ತುಟಿ ಪಿಟಕ್ಕೆನ್ನದೆ ಎರಡು ದಿನ ಆ ಗುಂಡಿ ದಾಟಿಕೊಂಡೇ ಅಡುಗೆ ಮಾಡಿದಳು. ಆದರೆ ಶಾಲೆಯ ಹುಲ್ಲಿನ ಮೇಲೆ ಚೆಂಡಿನ ಹಿಂದೆ ಓಡಿದ ಹತ್ತು ವರ್ಷದ ಮಗಳನ್ನು ಅವನು ಹಾರಿ ಹಿಡಿದೆಳೆದು, ಅವಳ ಮೊಣಕೈ ಕೀಲು ತಪ್ಪಿಸಿದ ದಿನ ಹೆಂಡತಿ ಸುಮ್ಮನಿರಲಿಲ್ಲ.

"ರೀ, ನಿಮಗೇನಾಗಿದೆಯೋ ನಂಗೊತ್ತಿಲ್ಲ. ಮಗು ನಿಮ್ಮನ್ನ ನೋಡಿದ್ರೆ ಹೆದರ್ಕೋತಾಳೆ. ತಲೆ ಮೇಲೆ ತಲೆ ಬಿದ್ರೂ ನಾಳೆ ಡಾಕ್ಟ್ರ ಹತ್ರ ಹೋಗ್ಲೇಬೇಕು."

ಡಾಕ್ಟರು ಮಾತ್ರೆ ಬರೆದುಕೊಟ್ಟು, ಜೊತೆಗೆ ಒಂದು ದಪ್ಪ ನೋಟ್‌ಬುಕ್ಕು ಕೊಳ್ಳಲು ಹೇಳಿದರು. "ಕಂಡಿದ್ದನ್ನ ಬರೀರಿ. ಬಾಯಿಗೆ ಬರದೇ ಇರೋದು ಒಂದೊಂದ್ಸಲ ಕೈಗೆ ಬರುತ್ತೆ" ಎಂದರು.

ಅಳತೆ ಗುರುತು ಹಾಕುವ ದಪ್ಪ ಪೆನ್ಸಿಲಿನಿಂದಲೇ ಅವನು ಬರೆದ. ಬೆಟ್ಟ, ಬಂಡೆ, ಕಂದಕ, ಮತ್ತೆ ಉದ್ದಣ್ಣ. ಎಲ್ಲಿಂದ ಶುರು ಮಾಡಿದರೂ ಬರವಣಿಗೆ ಉದ್ದಣ್ಣನ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಉದ್ದಣ್ಣ ಅವನ ಜೊತೆಗಾರ. ಆರಡಿ ಮೂರಿಂಚಿನ ಆಳು. ಹೋದಲ್ಲೆಲ್ಲ ಬಾಗಿಲ ಚೌಕಟ್ಟಿಗೆ ಹಣೆ ಚಚ್ಚಿಕೊಂಡು, ಚೌಕಟ್ಟಿಗೇ "ತಪ್ಪಾಯ್ತು" ಎನ್ನುವವನು. ಬಿಳಿ ಪಟ್ಟಿಯನ್ನು ಬಿಟ್ಟು ಹೊರಗೆ ಕಾಲಿಟ್ಟಿದ್ದರಿಂದ ಬಾಂಬು ಸಿಡಿದು ಸತ್ತ ಎಂದು ಸೈನ್ಯದ ವರದಿಯಲ್ಲಿತ್ತು. ಆ ಹೇಳಿಕೆ ಕೊಟ್ಟವನು ಮೇಸ್ತ್ರಿಯೇ. ಕಣ್ಣಾರೆ ಕಂಡವರು ಬೇರೆ ಯಾರೂ ಇರಲಿಲ್ಲ.

ಉದ್ದಣ್ಣನ ಅಕ್ಕ ಮೇಸ್ತ್ರಿಯಿದ್ದ ಊರಿನಲ್ಲೇ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವನು ಹೋದ ಮೇಲೆ ಮೇಸ್ತ್ರಿಯಲ್ಲೇ ತಮ್ಮನನ್ನು ಕಂಡುಕೊಂಡು, ತಿಂಗಳಿಗೊಮ್ಮೆ ಬಂದು ಅವನ ಅಂಗಿಗಳನ್ನು ಒಯ್ದು, ಗರಿಗರಿಯಾಗಿ ಇಸ್ತ್ರಿ ಮಾಡಿ ತಂದುಕೊಡುತ್ತಿದ್ದಳು. ಬಂದಾಗಲೆಲ್ಲ ಸತ್ತವನಿಗೆ ಬೈಗುಳ ತಪ್ಪುತ್ತಿರಲಿಲ್ಲ.

"ಚಿಕ್ಕೋನಾಗಿದ್ದಾಗ್ಲೂ ಅಷ್ಟೇ, ನೆಟ್ಟಗೆ ನಡೆಯೋ ಜಾಯಮಾನನೇ ಅಲ್ಲ ಅವನ್ದು. ನೀನು ಪಟ್ಟಿ ಹಾಸಿಕೊಟ್ರೂ ಬಿಟ್ಟು ಹೋದ್ನಲ್ಲಪ್ಪ! ಕಣ್ಣು ಎಲ್ಲಿಟ್ಟಿದ್ನೋ ಮುಠ್ಠಾಳ!"

ಬೈದು ಮುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ಅವಳ ಚಪ್ಪಲಿ ಸದ್ದು ಕೇಳಿದರೆ ಸಾಕು, ಮೇಸ್ತ್ರಿಯ ಕಣ್ಣು ಹಿತ್ತಲ ಬಾಗಿಲು ಹುಡುಕುತ್ತಿತ್ತು. ಹುಲ್ಲಿಗಿಂತ, ಟೊಳ್ಳು ನೆಲಕ್ಕಿಂತ, ಆ ಮಡಿಸಿದ ಅಂಗಿಗಳಿಗೆ ಅವನು ಹೆಚ್ಚು ಹೆದರುತ್ತಿದ್ದ.

ಡಾಕ್ಟರ ಗೆಳೆಯರೊಬ್ಬರು, ನಿವೃತ್ತ ಗಣಿತದ ಮೇಷ್ಟ್ರು, ಗ್ರಂಥಾಲಯದ ಹಿಂದಿನ ಸಭಾಂಗಣದಲ್ಲಿ ಪ್ರತಿ ಭಾನುವಾರ ನಾಟಕ ಕಲಿಸುತ್ತಿದ್ದರು. ಮೇಸ್ತ್ರಿಯ ಒಪ್ಪಿಗೆ ಪಡೆದು ನೋಟ್‌ಬುಕ್ಕು ಓದಿದ ಅವರು, "ಇದನ್ನ ಆಡೋಣ ಕಣಯ್ಯಾ. ನಿನ್ನ ಪಾತ್ರ ನೀನೇ ಮಾಡು" ಎಂದರು. ಉದ್ದಣ್ಣನ ಪಾತ್ರಕ್ಕೆ ಒಬ್ಬ ಬಸ್ ಕಂಡಕ್ಟರ್ ಸಿಕ್ಕಿದ. ಎತ್ತರ ಸಾಲದು, ಬಾಯಿಗೇನೂ ಕೊರತೆಯಿಲ್ಲ.

ಮೊದಲ ದಿನ ಮೇಸ್ತ್ರಿಗೆ ವೇದಿಕೆ ಹತ್ತುವುದೇ ಆಗಲಿಲ್ಲ. ಹಲಗೆಯ ವೇದಿಕೆ, ಅಡಿಯೆಲ್ಲ ಖಾಲಿ, ಕಾಲಿಟ್ಟಲ್ಲೆಲ್ಲ ಟೊಳ್ಳು. ಮೆಟ್ಟಿಲ ಮೇಲೆ ನಿಂತೇ ಕೈ ಚಾಚಿ ಹಲಗೆ ಕುಟ್ಟಿ ನೋಡಿದ. ಮೇಷ್ಟ್ರು ನಗಲೂ ಇಲ್ಲ, ಗದರಲೂ ಇಲ್ಲ. ಟಾರ್ಚು ಕೊಟ್ಟು, "ಅಡೀಗೆ ಹೋಗಿ ನೋಡ್ಕೊಂಡು ಬಾ" ಎಂದರು. ಮುರಿದ ಕುರ್ಚಿ, ಇಲಿಹಿಕ್ಕೆ, ಯಾರದೋ ಒಂಟಿ ಚಪ್ಪಲಿ ಎಲ್ಲವನ್ನೂ ತಡವಿ ನೋಡಿ, ಮೈಯೆಲ್ಲ ಧೂಳು ಮೆತ್ತಿಕೊಂಡು ಹೊರಬಂದ. ವಾರವಾರವೂ ಮೊದಲು ಅದೇ ಕೆಲಸ. ಆರನೆಯ ವಾರಕ್ಕೆ ಟಾರ್ಚು ಬೇಡವಾಯಿತು. ಮನೆಯಲ್ಲಿ ಮಗಳು ಪಕ್ಕಕ್ಕೆ ಬಂದು ಕೂತು ಅವನಿಗೆ ನಾಟಕದ ಮಾತು ಬಾಯಿಪಾಠ ಮಾಡಿಸತೊಡಗಿದಳು. ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ನೆಮ್ಮದಿಯ ಉಸಿರು ಬಿಟ್ಟಳು.

ಏಳನೆಯ ಭಾನುವಾರ ವೇದಿಕೆಯ ಮೇಲೆ ಪಟ್ಟಿ ಹಾಸಿದರು. ಗಣಿತದ ಮೇಷ್ಟ್ರಿಗೆ ಅಂದಾಜು ಎಂದರೆ ಮೈಯುರಿ. ನೋಟ್‌ಬುಕ್ಕಿನಲ್ಲಿದ್ದ ಅಳತೆಯಂತೆಯೇ ಬಂಡೆಯ ಜಾಗದಲ್ಲಿ ಕುರ್ಚಿ, ಕಂದಕದ ಜಾಗದಲ್ಲಿ ಬೆಂಚು ಇಟ್ಟು, ಉದ್ದಣ್ಣ ಬಿದ್ದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಕಂಡಕ್ಟರ್ ನಡೆದು ಬಂದು ಗುರುತಿನ ಮೇಲೆ ನಿಂತ. ಕೆಳಗೆ ನೋಡಿದ.

"ಮೇಷ್ಟ್ರೇ, ಏನೋ ಎಡವಟ್ಟಾಗಿದೆ. ಸಾಯೋ ಜಾಗಕ್ಕೆ ಬಂದೆ, ಇನ್ನೂ ಪಟ್ಟಿ ಮೇಲೇ ಇದೀನಲ್ಲ. ಹೊರಗೆ ಕಾಲಿಡೋದು ಯಾವಾಗ?"

ಮೇಷ್ಟ್ರು ಮತ್ತೆ ಅಳೆದರು. ಬಂಡೆಯಿಂದ ಕಂದಕಕ್ಕೆ ಪಟ್ಟಿ ನೇರ ಹದಿನೈದು ಅಡಿ. ಉದ್ದಣ್ಣ ಬಿದ್ದದ್ದು ಅದೇ ನೇರದಲ್ಲಿ, ಬಂಡೆಯಿಂದ ಹನ್ನೆರಡು ಅಡಿಗೆ. ಆ ಸಾವನ್ನು ಮೇಸ್ತ್ರಿ ಹನ್ನೊಂದು ಸಲ ಬರೆದಿದ್ದ. ಹನ್ನೊಂದರಲ್ಲೂ ಅದೇ ಅಳತೆ. ಪಾಪ, ಮಾತಿನಲ್ಲಿ ಸುಳ್ಳು ಹೇಳಲು ಅವನಿಗೆ ಬರುತ್ತಿತ್ತು, ಅಳತೆಯಲ್ಲಿ ಬರುತ್ತಿರಲಿಲ್ಲ.

ಮೇಷ್ಟ್ರು ಕಂಡಕ್ಟರನನ್ನು ಟೀ ತರಲು ಅಟ್ಟಿ, ಬೆಂಚಿನ ಮೇಲೆ ಕೂತರು. ಮೇಸ್ತ್ರಿ ಸೀಮೆಸುಣ್ಣದ ಗುರುತಿನ ಪಕ್ಕ ಕುಕ್ಕರಗಾಲಲ್ಲಿ ಕೂತ.

"ಬಂಡೆವರೆಗೂ ಚುಚ್ಚಿ ನೋಡಿದ್ದೆ, ಮೇಷ್ಟ್ರೇ. ಅಷ್ಟರಲ್ಲಿ ಗುಂಡು ಹಾರೋಕೆ ಶುರುವಾಯ್ತು. ಕೊನೇ ಆರು ಹೆಜ್ಜೆ ನೋಡ್ಲೇ ಇಲ್ಲ. ಜೀವ ಕೈಯಲ್ಲಿ ಹಿಡ್ಕೊಂಡು, ಪಟ್ಟಿ ಎಳ್ಕೊಂಡು ಓಡಿ ಕಂದಕಕ್ಕೆ ಹಾರಿದೆ. ನಂಗೇನೂ ಆಗ್ಲಿಲ್ಲ. ಅದಕ್ಕೇ ಅವನಿಗೆ 'ದಾರಿ ಸರಿಯಿದೆ, ಬಾ' ಅಂದ್ಬಿಟ್ಟೆ."

ಮೇಷ್ಟ್ರು ಅಳತೆಯ ಟೇಪು ಸುತ್ತಿ ಜೇಬಿಗಿಟ್ಟರು. ಆಮೇಲೆ ಹೇಳಿದರು: "ನಾಟಕ ನಿನ್ನದು, ಮಾತು ನಿನ್ನದು. ಏನು ಹೇಳ್ಬೇಕೋ ನೀನೇ ನೋಡ್ಕೋ. ಆದ್ರೆ ಪಟ್ಟೀನ ನಾನು ಸೊಟ್ಟಗೆ ಹಾಸಲ್ಲ."

ಅವನು ಮನೆಗೆ ಬಂದರೆ ಮಗಳು ಕುಣಿಯುತ್ತಿದ್ದಳು. "ಅಪ್ಪಾ, ಇಸ್ತ್ರಿ ಅತ್ತೇನ ನಾಟಕಕ್ಕೆ ಕರೆದು ಬಂದೆ! ಅವರ ತಮ್ಮನ ಕಥೆ ಅಂದಿದ್ದಕ್ಕೆ ನನ್ನ ಕೆನ್ನೆ ಹಿಂಡಿದ್ರು!"

ಅಲ್ಲಿಂದ ನಾಟಕದ ದಿನದವರೆಗೆ ಅವನು ಒಂದೇ ಲೆಕ್ಕ ಹಾಕಿದ. ಹೇಳಿದರೆ ಅಕ್ಕ ಇನ್ನು ಅವನ ಹೊಸಿಲು ತುಳಿಯುವುದಿಲ್ಲ. ಊರು ಥೂ ಎನ್ನುತ್ತದೆ. ಮಗಳಿಗೆ ಅಪ್ಪನ ಮುಖ ನೋಡಲು ಮತ್ತೆ ಹೆದರಿಕೆಯಾಗುತ್ತದೆ. ಹೇಳದಿದ್ದರೆ, ಸತ್ತವನು ಬೈಸಿಕೊಳ್ಳುತ್ತಲೇ ಇರುತ್ತಾನೆ. ಕೆಲಸದ ಮನೆಯಲ್ಲಿ ಕುಟ್ಟಿದ್ದನ್ನೇ ಕುಟ್ಟಿ ಕುಟ್ಟಿ ಎರಡು ಟೈಲ್ಸ್ ಒಡೆದ. ನಾಟಕದ ದಿನ ಬೆಳಿಗ್ಗೆ ಅಕ್ಕನೇ ಬಂದು, ವೇದಿಕೆಯಲ್ಲಿ ತೊಡುವ ಅಂಗಿಯನ್ನು ಇಸ್ತ್ರಿ ಮಾಡಿ ಕೊಟ್ಟಳು. "ಮುಂದಿನ ಸಾಲಲ್ಲೇ ಕೂರ್ತೀನಿ ಕಣೋ" ಎಂದಳು.

ಸಂಜೆ ನಾಲ್ಕಕ್ಕೆ ನಾಟಕ. ಸಭಾಂಗಣ ತುಂಬಿತ್ತು. ಮಾತು ಮರೆತರೆ ಹೇಳಿಕೊಡಲು ಮಗಳು ಪರದೆಯ ಮರೆಯಲ್ಲಿ ನೋಟ್‌ಬುಕ್ಕು ಹಿಡಿದು ಕೂತಿದ್ದಳು. ಮೇಸ್ತ್ರಿ ಹೊಟ್ಟೆಯ ಮೇಲೆ ತೆವಳುತ್ತ, ಕಡ್ಡಿಯಿಂದ ಹಲಗೆಯನ್ನು ಚುಚ್ಚುತ್ತ, ಪಟ್ಟಿ ಹಾಸುತ್ತ ಬಂದ. ಕುರ್ಚಿ ದಾಟಿದ ಮೇಲೆ ಎದ್ದು ಓಡಿ ಬೆಂಚಿನ ಆಚೆ ಬಿದ್ದ. ಆ ತುದಿಯಿಂದ ಕಂಡಕ್ಟರ್ ಕೂಗಿದ.

"ದಾರಿ ಸರಿಯಿದ್ಯೇನೋ?"

ಮೇಸ್ತ್ರಿಯ ಬಾಯಿ ತೆರೆಯಿತು, ದನಿ ಬರಲಿಲ್ಲ. ಮೊದಲ ಸಾಲಿನಲ್ಲಿ ಅಕ್ಕ ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು. ಅಪ್ಪ ಮಾತು ಮರೆತ ಎಂದುಕೊಂಡು ಮಗಳು ಮರೆಯಿಂದ ಪಿಸುಗುಟ್ಟಿದಳು: "ಸರಿಯಿದೆ, ಪಟ್ಟಿ ಬಿಟ್ಟು ಬರ್ಬೇಡ."

ಅವನು ಕದಲಲಿಲ್ಲ. ಅವಳು ಇನ್ನಷ್ಟು ಗಟ್ಟಿಯಾಗಿ ಹೇಳಿದಳು: "ಅಪ್ಪಾ, 'ಪಟ್ಟಿ ಬಿಟ್ಟು ಬರ್ಬೇಡ'."

ತನ್ನ ಸುಳ್ಳು ಮಗಳ ಬಾಯಲ್ಲಿ ಕೇಳಿ ಅವನಿಗೆ ತಡೆಯಲಾಗಲಿಲ್ಲ. "ಬರ್ಬೇಡ ಉದ್ದಣ್ಣಾ!" ಎಂದು ಕಿರುಚಿದ. "ಅಲ್ಲೇ ಇರು! ಕೊನೇ ಆರು ಹೆಜ್ಜೆ ನಾನು ನೋಡಿಲ್ಲ!"

ಕಂಡಕ್ಟರ್ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತ. ಮೇಸ್ತ್ರಿ ಮುಂದಿನ ಸಾಲಿನ ಕಡೆ ತಿರುಗಿದ.

"ಅವತ್ತು ಹೀಗೆ ಹೇಳ್ಲಿಲ್ಲ, ಅಕ್ಕ. ಸರಿಯಿದೆ ಬಾ ಅಂದೆ. ನನ್ನ ಮಾತು ನಂಬಿ ಪಟ್ಟಿ ಮೇಲೇ ಬಂದ."

ಹಿಂದಿನ ಸಾಲಿನಲ್ಲಿ ಯಾರೋ ಪುಣ್ಯಾತ್ಮ ಇದೂ ನಾಟಕವೆಂದು ಚಪ್ಪಾಳೆ ತಟ್ಟಿ, ಒಬ್ಬನದೇ ಸದ್ದು ಕೇಳಿ ಕೈ ಇಳಿಸಿದ. ಅಕ್ಕ ಎದ್ದಳು. ಮೆಟ್ಟಿಲು ಹತ್ತಿ, ಪಟ್ಟಿಯ ಮೇಲೆ ಒಂದೊಂದೇ ಹೆಜ್ಜೆಯಿಡುತ್ತ ಬಂದಳು. ಸೀಮೆಸುಣ್ಣದ ಗುರುತಿನ ಹತ್ತಿರ ನಿಂತಳು.

"ಇಲ್ಲೇನಾ?"

"ಅಲ್ಲೇ, ಅಕ್ಕ."

ಅವಳು ತಿರುಗಿ ತಾನು ಬಂದ ದಾರಿಯನ್ನು ನೋಡಿದಳು. "ನೆಟ್ಟಗೇ ನಡೆದ್ನಾ?"

"ಒಂದಿಂಚೂ ಆಚೀಚೆ ಆಗ್ಲಿಲ್ಲ."

"ಹದಿನಾರು ವರ್ಷ ಬೈದೆನಲ್ಲೋ ಅವನನ್ನ" ಎಂದಳು. ಬೆಂಚಿನ ಹತ್ತಿರ ಬಂದು, ಬಗ್ಗಿ ಮೇಸ್ತ್ರಿಯ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದಳು. ಬೆಳಿಗ್ಗೆ ಅವಳೇ ಕೂರಿಸಿದ ಇಸ್ತ್ರಿ ಮುದುಡಿಹೋಯಿತು. ಹೊಡೆಯುತ್ತಾಳೆಂದು ಅವನು ಕಣ್ಣು ಮುಚ್ಚಿದ. "ಇನ್ಮೇಲೆ ಆ ಬೈಗುಳ ಎಲ್ಲಾ ನಿಂಗೆ. ಸಾಯೋವರ್ಗೂ ಬೈತೀನಿ. ಮೊದ್ಲು ಇದನ್ನ ಬರ್ದುಕೊಡು, ಸಹಿ ಹಾಕು. ಆ ವರದಿ ಬರೆದೋರ ಮುಂದೆ ನಾನೇ ತಗೊಂಡ್ಹೋಗಿ ಇಡ್ತೀನಿ."

ಕಾಲರು ಬಿಟ್ಟು, ಗುರುತಿನ ಮೇಲೆ ಹೋಗಿ ನಿಂತಳು. ಮಗಳು ನೋಟ್‌ಬುಕ್ಕು ಹಿಡಿದು, ಪಟ್ಟಿಯ ಗೊಡವೆಯೇ ಇಲ್ಲದೆ, ಟೊಳ್ಳು ಹಲಗೆಗಳ ಮೇಲೆ ದಡದಡ ಓಡಿ ಬಂದಳು. ಹಿಡಿದೆಳೆಯಲು ಅವನ ಕೈ ಮುಂದೆ ಹೋಯಿತು. ಆದರೆ ತೋಳು ಹಿಡಿಯಲಿಲ್ಲ, ನೋಟ್‌ಬುಕ್ಕು ತೆಗೆದುಕೊಂಡ. ಅಕ್ಕ ನಿಂತು ಕಾಯುತ್ತಿರುವಾಗಲೇ, ಹನ್ನೆರಡನೆಯ ಸಲ ಬರೆಯತೊಡಗಿದ.