ಜರ್ಮನಿಯಲ್ಲಿ ಕಲಿತದ್ದೇನು?

ಸ್ನೇಹಿತರೇ, ನಾನು ಪಾಠ ಮಾಡುವ ಎಂಜಿನಿಯರಿಂಗ್ ಕಾಲೇಜಿಗೆ ಇಂದು ಅಂಕಲಿಯ ರೈತರೊಬ್ಬರು ಬಂದಿದ್ದರು. ಅವರ ಮಗಳು ಜರ್ಮನಿಯಲ್ಲಿ ಒಂದು ಸೆಮಿಸ್ಟರ್ ಓದಲು ಆಯ್ಕೆಯಾಗಿದ್ದಾಳೆ. ಒಪ್ಪಿಗೆ ಪತ್ರಕ್ಕೆ ತಂದೆಯ ಸಹಿ ಬೇಕು. ಇಂದೇ ಕೊನೆಯ ದಿನ. ಅವರು ಪೆನ್ನು ಮುಟ್ಟಲಿಲ್ಲ. ಕಳೆದ ವರ್ಷ ಅಲ್ಲಿಗೆ ಹೋಗಿ ಬಂದ ವಿದ್ಯಾರ್ಥಿನಿ ಅಕ್ಷತಾಳನ್ನು ಕರೆಸಿದೆ.

“ಆರ ತಿಂಗಳದಾಗ ಏನ ಕಲ್ತ ಬಂದಿ, ತಂಗಿ?” ಎಂದು ಆಕೆಯನ್ನು ಕೇಳಿದರು.

ಪ್ರಯೋಗಾಲಯಗಳ ಬಗ್ಗೆ ಹೇಳುತ್ತಾಳೆಂದು ನಾನು ಎಣಿಸಿದ್ದೆ.

“ಮಾಸ್ತರ ಲೆಕ್ಕ ತಪ್ಪಿದ್ರ ಎದ್ದ ನಿಂತ ಹೇಳೂದು ಕಲ್ತೇನ್ರಿ, ಕಾಕಾ. ಅಲ್ಲಿ ಸುಮ್ಮ ಕುಂತ್ರ ಮಾಸ್ತರಿಗೇ ಬ್ಯಾಸರ ಆಗತೈತಿ.”

“ಇಲ್ಲಿ ಹಂಗ ಅಂದ್ರ ನಡೀತೈತೇನು?”

“ಹೋದ ವಾರ ಈ ಸರ್‌ಗೇ ಹೇಳೇನ್ರಿ.”

ಅವರು ನನ್ನತ್ತ ತಿರುಗಿದರು. “ಖರೇನ್ರಿ, ಸರ್?”

ನಿಜವೇ. ನಾನು ಬೋರ್ಡಿನ ಮೇಲೆ ಮಾಡಿದ ಪಂಪಿನ ಲೆಕ್ಕದಲ್ಲಿ ಪೈಪಿನೊಳಗಿನ ಘರ್ಷಣೆಯನ್ನು ಕೂಡಿಸುವುದು ಬಿಟ್ಟುಹೋಗಿತ್ತು. ಒಪ್ಪಿಕೊಂಡೆ.

ಅವರು ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಬಳಿಕ, ಹೊಳೆಯಿಂದ ತಮ್ಮ ಕಬ್ಬಿನ ಹೊಲಕ್ಕೆ ನೀರೆತ್ತಲು ಎಷ್ಟು ಎಚ್‌ಪಿ ಮೋಟರ್ ಬೇಕೆಂದು ವಿಚಾರಿಸಿದರು. ಇಪ್ಪತ್ತಾರು ವರ್ಷಗಳಿಂದ ಆ ವಿಷಯವನ್ನೇ ಬೋಧಿಸುತ್ತಿರುವ ನನ್ನನ್ನಲ್ಲ, ಅಕ್ಷತಾಳನ್ನು.